ಸೌಲನ ಏಳು ಮಂದಿ ಸಂತಾನದ ವಧೆ: ಮಳೆ ಬಂದದ್ದು ಯಾವಾಗ?

ಪ್ರಶ್ನೆ: ಹಳೆಯ ಒಡಂಬಡಿಕೆಯನ್ನು ಮೊದಲ ಸಲ ಕ್ರಮವಾಗಿ ಓದುತ್ತಿದ್ದೇನೆ. 2 ಸಮುವೇಲ 21ನೆಯ ಅಧ್ಯಾಯದಲ್ಲಿ ಇಸ್ರಾಯೇಲಿನ ಮೊದಲ ಅರಸ ಸೌಲನು ಮಾಡಿದ ಕೊಲೆಗಳಿಗಾಗಿ ಅವನ ಮಕ್ಕಳು ಮೊಮ್ಮಕ್ಕಳಲ್ಲಿ ಏಳು ಮಂದಿಯನ್ನು ನಂತರದ ಅರಸ ದಾವೀದನು ಗಿಬ್ಯೋನ್ಯರ ಕೈಗೆ ಒಪ್ಪಿಸುತ್ತಾನೆ. ಅವರು ಕೊಲ್ಲುತ್ತಾರೆ, ಬರ ನಿಲ್ಲುತ್ತದೆ. ತಂದೆಯ ಪಾಪಕ್ಕೆ ಮಕ್ಕಳನ್ನು ಕೊಲ್ಲಬಾರದು ಎಂದು ಧರ್ಮೋಪದೇಶಕಾಂಡ 24:16 ಹೇಳುತ್ತದಲ್ಲವೇ? ಇದು ದೇವರೇ ನರಬಲಿ ಪಡೆದು ಮಳೆ ಕೊಟ್ಟ ಕಥೆಯೇ? ಇನ್ನೊಂದು ಸಣ್ಣ ಸಂದೇಹ: ಸಾಯುವ ತನಕ ಮಕ್ಕಳೇ ಇರಲಿಲ್ಲವೆನ್ನಲಾದ ಸೌಲನ ಮಗಳು ಮೀಕಲಳಿಗೆ ಇಲ್ಲಿ ಐದು ಮಂದಿ ಗಂಡುಮಕ್ಕಳು ಎಲ್ಲಿಂದ ಬಂದರು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಒಂದು ವಾಕ್ಯವನ್ನು ಮೊದಲು ತಿದ್ದಬೇಕಾಗಿದೆ. "ಅವರು ಕೊಲ್ಲುತ್ತಾರೆ, ಬರ ನಿಲ್ಲುತ್ತದೆ" ಎಂದು ನೀವು ಬರೆದಿದ್ದೀರಿ. ಬಹುತೇಕ ಎಲ್ಲರೂ ಈ ಕಥೆಯನ್ನು ನೆನಪಿಟ್ಟುಕೊಳ್ಳುವುದು ಹಾಗೆಯೇ. ಆದರೆ ಮೂಲದಲ್ಲಿ ಆ ಎರಡು ಸಂಗತಿಗಳು ಅಕ್ಕಪಕ್ಕದಲ್ಲಿಲ್ಲ. ವಧೆ ನಡೆಯುವುದು ಒಂಬತ್ತನೆಯ ವಚನದಲ್ಲಿ. ದೇಶಕ್ಕಾಗಿ ಮಾಡಿದ ಪ್ರಾರ್ಥನೆಯನ್ನು ದೇವರು ಆಲಿಸಿದನೆಂಬ ಮಾತು ಬರುವುದು ಹದಿನಾಲ್ಕನೆಯ ವಚನದ ಕೊನೆಯಲ್ಲಿ. ನಡುವೆ ಒಬ್ಬ ತಾಯಿ ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಹೆಣ ಕಾಯುತ್ತಾಳೆ, ಒಬ್ಬ ಅರಸ ಎಲುಬುಗಳನ್ನು ತರಿಸಿ ಸಮಾಧಿ ಮಾಡಿಸುತ್ತಾನೆ. ನಿಮ್ಮ ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರವೆಲ್ಲ ಈ ಅಂತರದಲ್ಲಿಯೇ ಇದೆ. ಆದರೆ ಅಲ್ಲಿಗೆ ತಲಪಬೇಕಾದರೆ ಗಿಬ್ಯೋನ್ಯರು ಯಾರು, ಅವರ ಹಕ್ಕು ಏನು ಎಂಬುದರಿಂದ ಆರಂಭಿಸಬೇಕು.

ಗಿಬ್ಯೋನ್ ಎಂಬುದು ಇಂದಿನ ಎಲ್-ಜೀಬ್ ಗ್ರಾಮ, ಯೆರೂಸಲೇಮಿನ ವಾಯವ್ಯಕ್ಕೆ ಸುಮಾರು 9 ಕಿಲೋಮೀಟರ್ ದೂರದಲ್ಲಿದೆ. 1956ರಿಂದ 1962ರ ನಡುವೆ ಜೇಮ್ಸ್ ಪ್ರಿಚರ್ಡ್ ಅಲ್ಲಿ ಉತ್ಖನನ ನಡೆಸಿದಾಗ ಊರಿನ ಹೆಸರನ್ನೇ ಹೀಬ್ರೂವಿನಲ್ಲಿ ಕೆತ್ತಿದ ಹೂಜಿಯ ಹಿಡಿಗಳು ದೊರೆತವು. ಬಂಡೆಯನ್ನು ಕಡಿದು ಮಾಡಿದ, ಸುಮಾರು 11 ಮೀಟರ್ ಅಗಲದ, ಸುರುಳಿಯಾಗಿ ಮೆಟ್ಟಿಲುಗಳು ಇಳಿಯುವ ಬಾವಿಯೂ ಬೆಳಕಿಗೆ ಬಂದಿತು. ಯೆಹೋಶುವನ ಗ್ರಂಥದ 9ನೆಯ ಅಧ್ಯಾಯದ ಪ್ರಕಾರ ಈ ಊರಿನವರು ಹರಿದ ಚೀಲ, ತೇಪೆ ಹಾಕಿದ ಕೆರ, ಬೂಸಲು ಹಿಡಿದ ರೊಟ್ಟಿ ಹಿಡಿದುಕೊಂಡು ತಾವು ದೂರದೇಶದವರೆಂದು ನಟಿಸಿ ಇಸ್ರಾಯೇಲ್ಯರೊಡನೆ ಒಪ್ಪಂದ ಮಾಡಿಕೊಂಡರು. ಮೋಸ ಬಯಲಾದ ಮೇಲೂ ಇಸ್ರಾಯೇಲಿನ ಮುಖಂಡರು ಅವರನ್ನು ಕೊಲ್ಲಲಿಲ್ಲ, ಏಕೆಂದರೆ ದೇವರ ಹೆಸರಿನಲ್ಲಿ ಆಣೆಯಿಟ್ಟಾಗಿತ್ತು ಮತ್ತು ಆಣೆ ಮುರಿದರೆ ತಮ್ಮ ಮೇಲೆ ದೈವಕೋಪ ಬೀಳುತ್ತದೆಂದು ಅವರೇ ಹೇಳಿದರು. ಗಿಬ್ಯೋನ್ಯರು ಕಟ್ಟಿಗೆ ಒಡೆಯುವವರೂ ನೀರು ಹೊರುವವರೂ ಆಗಿ ಉಳಿದರು. ಜೀವಕ್ಕೆ ರಕ್ಷಣೆ ಇತ್ತು, ಆದರೆ ಸಮಾನತೆ ಇರಲಿಲ್ಲ. ಮೋಸದಿಂದ ಪಡೆದ ಆಣೆಯೂ ಆಣೆಯೇ ಎಂಬ ಈ ನಿಷ್ಠುರ ನಿಲುವನ್ನು ನೆನಪಿಡಿ. ತಲೆಮಾರುಗಳ ನಂತರ ಬಂದ ಬರಕ್ಕೆ ಬೇರು ಅಲ್ಲಿದೆ.

ಆ ಆಣೆಯನ್ನು ಮುರಿದವನು ಸೌಲನು. ಇಸ್ರಾಯೇಲ್ ಮತ್ತು ಯೆಹೂದದ ಮೇಲಿನ ಅಭಿಮಾನದ ಆವೇಶದಲ್ಲಿ ಅವನು ಗಿಬ್ಯೋನ್ಯರನ್ನು ನಿರ್ನಾಮ ಮಾಡಲು ಹೊರಟನೆಂದು 21:2 ಹೇಳುತ್ತದೆ. ವಿಚಿತ್ರವೆಂದರೆ ಸೌಲನ ಆಳ್ವಿಕೆಯನ್ನು ಸವಿವರವಾಗಿ ವರ್ಣಿಸುವ 1 ಸಮುವೇಲದಲ್ಲಿ ಇಂಥ ಹತ್ಯಾಕಾಂಡದ ಒಂದು ಸಾಲೂ ಇಲ್ಲ. ಕಾಣುವುದು ಒಂದು ಸುಳಿವು ಮಾತ್ರ: ಗಿಬ್ಯೋನ್ಯರ ಒಪ್ಪಂದಕ್ಕೆ ಸೇರಿದ ಬೇರೋತ್ ಎಂಬ ಊರಿನವರು ಗಿತ್ತಯಿಮಿಗೆ ಓಡಿಹೋಗಿ ಪರದೇಶಿಗಳಾಗಿ ನೆಲೆಸಿದರೆಂದು 2 ಸಮುವೇಲ 4:3 ಹೇಳುತ್ತದೆ, ಏಕೆ ಓಡಿದರೆಂದು ಹೇಳುವುದಿಲ್ಲ. ಯಹೂದಿ ಧರ್ಮಗುರುಗಳ ಚರ್ಚೆಗಳ ಪ್ರಾಚೀನ ಸಂಗ್ರಹವಾದ ತಾಲ್ಮುದಿನ ರಬ್ಬಿಗಳಿಗೂ ಈ ಮೌನ ಕಾಡಿತ್ತು. ಯೆವಾಮೋತ್ ಎಂಬ ಪ್ರಕರಣದಲ್ಲಿ ಅವರು "ಸೌಲನು ಗಿಬ್ಯೋನ್ಯರನ್ನು ಕೊಂದದ್ದು ಎಲ್ಲಿದೆ?" ಎಂದು ಕೇಳಿ, ಗಿಬ್ಯೋನ್ಯರಿಗೆ ಅನ್ನನೀರು ಒದಗಿಸುತ್ತಿದ್ದ ನೋಬ್ ಎಂಬ ಯಾಜಕರ ಪಟ್ಟಣವನ್ನು ಅವನು ಕೊಲ್ಲಿಸಿದ್ದರಿಂದ ಗ್ರಂಥವು ಇವರನ್ನೂ ಕೊಂದಂತೆಯೇ ಎಣಿಸಿತೆಂದು ಸಮಾಧಾನ ಹೇಳುತ್ತಾರೆ. ಜಾಣ ಉತ್ತರವದು, ಆದರೆ ಸತ್ತವರು ಎಷ್ಟು ಮಂದಿ, ಯಾರು ಎಂಬುದನ್ನು ಅದು ಹೇಳುವುದಿಲ್ಲ. ನಮ್ಮ ಕನಿಕರವೆಲ್ಲ ಸೌಲನ ಏಳು ಮಂದಿಯ ಕಡೆಗೆ ಹರಿಯುವುದು ಸಹಜ. ಅವರಲ್ಲಿ ಇಬ್ಬರ ಹೆಸರಾದರೂ ದಾಖಲಾಗಿದೆ. ಸೌಲನ ಕತ್ತಿಗೆ ಸಿಕ್ಕ ಗಿಬ್ಯೋನ್ಯರಿಗೆ ಆ ಭಾಗ್ಯವೂ ಇಲ್ಲ.

ಇನ್ನು ದೇವರು ಹೇಳಿದ್ದೇನು ಎಂಬ ಮುಖ್ಯ ಸಂಗತಿ. ಮೂರು ವರ್ಷ ಒಂದರ ಹಿಂದೊಂದು ಬರ ಬೀಳುತ್ತದೆ, ದಾವೀದನು ಯೆಹೋವನ ಸನ್ನಿಧಿಯಲ್ಲಿ ವಿಚಾರಿಸುತ್ತಾನೆ, ಉತ್ತರ ಬರುತ್ತದೆ: ಇದಕ್ಕೆ ಸೌಲನೂ ರಕ್ತಾಪರಾಧವಿರುವ ಅವನ ಮನೆತನವೂ ಕಾರಣ, ಏಕೆಂದರೆ ಅವನು ಗಿಬ್ಯೋನ್ಯರನ್ನು ಕೊಂದನು. ದೈವವಾಣಿ ಅಲ್ಲಿಗೆ ಮುಗಿಯುತ್ತದೆ. ಕಾರಣ ತಿಳಿಯಿತು, ಪರಿಹಾರ ಹೇಳಲಿಲ್ಲ. ದಾವೀದನು ಮತ್ತೆ ಕೇಳಬಹುದಿತ್ತು, ಏಕೆಂದರೆ ಕೇಳುವ ಅಭ್ಯಾಸ ಅವನಿಗೆ ಚೆನ್ನಾಗಿಯೇ ಇತ್ತು. ಕೆಯೀಲಾ ಪಟ್ಟಣಕ್ಕೆ ಹೋಗಲೇ, ಯೆಹೂದದ ಯಾವ ಊರಿಗೆ ಏರಿಹೋಗಲಿ, ಶತ್ರುಗಳಾದ ಫಿಲಿಷ್ಟಿಯರ ಮೇಲೆ ಬೀಳಲೇ ಎಂದು ಹೆಜ್ಜೆಹೆಜ್ಜೆಗೂ, ಒಮ್ಮೊಮ್ಮೆ ಒಂದೇ ವಿಷಯಕ್ಕೆ ಎರಡೆರಡು ಸಲ ಅವನು ಕೇಳಿದ್ದಾನೆ. ಇಲ್ಲಿ ಮಾತ್ರ ಎರಡನೆಯ ಪ್ರಶ್ನೆಯನ್ನು ಅವನು ದೇವರ ಬದಲು ಗಿಬ್ಯೋನ್ಯರ ಮುಂದಿಡುತ್ತಾನೆ: "ನಿಮಗೆ ಏನು ಮಾಡಲಿ, ಯಾವುದರಿಂದ ದೋಷಪರಿಹಾರ ಮಾಡಲಿ?" ಯೆಹೋಶುವನ ಕಾಲದಲ್ಲಿ ಗಿಬ್ಯೋನ್ಯರೊಡನೆ ಆಣೆಯಿಟ್ಟವರ ಬಗ್ಗೆಯೂ ಗ್ರಂಥ ಇದೇ ಟೀಕೆ ಮಾಡಿದೆ: ಅವರು ಯೆಹೋವನನ್ನು ವಿಚಾರಿಸದೆ ಆ ರೊಟ್ಟಿಯನ್ನು ತೆಗೆದುಕೊಂಡರು (ಯೆಹೋಶುವ 9:14). ಗಿಬ್ಯೋನಿನ ಕಥೆ ಆರಂಭವಾದದ್ದು ಕೇಳದೆ ಇಟ್ಟ ಆಣೆಯಿಂದ, ಅದರ ಕೊನೆಯ ಲೆಕ್ಕ ತೀರಿದ್ದು ಕೇಳದೆ ಕೊಟ್ಟ ಏಳು ಜೀವಗಳಿಂದ. ನಿರೂಪಕನು ಈ ಹೋಲಿಕೆಯನ್ನು ಬೆರಳು ಮಾಡಿ ತೋರಿಸುವುದಿಲ್ಲ. ಹೀಬ್ರೂ ಕಥೆಗಾರರು ತೀರ್ಪನ್ನು ಬಾಯಿಬಿಟ್ಟು ಹೇಳುವುದೇ ಅಪರೂಪ, ಒಂದು ಘಟನೆಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಸುಮ್ಮನಾಗುತ್ತಾರೆ.

ದಾವೀದನ ಪ್ರಶ್ನೆಯಲ್ಲಿರುವ ಕ್ರಿಯಾಪದದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಇದು ಕನ್ನಡಿಗರಿಗೆ ಬೇಗ ಅರ್ಥವಾಗುವ ವಿಷಯ. ನಮ್ಮಲ್ಲಿ ಸರ್ಕಾರ ಕೊಡುವ ಹಣವೂ ಪರಿಹಾರ, ಪುರೋಹಿತರು ಹೇಳುವ ಶಾಂತಿಯೂ ಪರಿಹಾರ. ಹೀಬ್ರೂವಿನಲ್ಲಿಯೂ ಒಂದೇ ಧಾತುವಿನಿಂದ ದೋಷನಿವಾರಣೆ ಎಂಬ ಅರ್ಥದ 'ಕಿಪ್ಪೇರ್' ಮತ್ತು ಜೀವಕ್ಕೆ ಬದಲಾಗಿ ಕೊಡುವ ಹಣ ಎಂಬ ಅರ್ಥದ 'ಕೋಫೆರ್' ಎರಡೂ ಬಂದಿವೆ. ದಾವೀದನ ಮಾತು ಈ ಎರಡು ಅರ್ಥಗಳ ನಡುವೆ ತೂಗುತ್ತದೆ. ಬಹುಶಃ ಅವನು ಹಣವನ್ನೇ ಮನಸ್ಸಿನಲ್ಲಿಟ್ಟು ಕೇಳಿರಬಹುದು. ಗಿಬ್ಯೋನ್ಯರ ಉತ್ತರ ಅದನ್ನು ಹಿಡಿದೇ ಬರುತ್ತದೆ: ಸೌಲನಿಗೂ ನಮಗೂ ಇರುವುದು ಬೆಳ್ಳಿಬಂಗಾರದ ವ್ಯವಹಾರವಲ್ಲ, ಇಸ್ರಾಯೇಲಿನಲ್ಲಿ ಯಾರನ್ನಾದರೂ ಕೊಲ್ಲುವ ಅಧಿಕಾರವೂ ನಮಗಿಲ್ಲ. ಎಷ್ಟು ಎಚ್ಚರಿಕೆಯ ಮಾತು ಎಂಬುದನ್ನು ಗಮನಿಸಿ. ಹಣ ಬೇಡ ಎನ್ನುವುದು ಸ್ವತಃ ಇಸ್ರಾಯೇಲಿನ ಕಟ್ಟಳೆಗೆ ಒಪ್ಪುತ್ತದೆ, ಏಕೆಂದರೆ ಕೊಲೆಗಾರನ ಪ್ರಾಣಕ್ಕೆ ಬದಲಾಗಿ ಈಡಿನ ಹಣ ತೆಗೆದುಕೊಳ್ಳಬಾರದೆಂದು ಅರಣ್ಯಕಾಂಡ 35:31 ವಿಧಿಸುತ್ತದೆ. ಕೊಲ್ಲುವ ಅಧಿಕಾರವಿಲ್ಲ ಎಂಬುದು ಆಶ್ರಿತ ಜನಾಂಗದ ವಾಸ್ತವ ಸ್ಥಿತಿ. ಅರಸನು ಮತ್ತೆ ಕೇಳಿದಾಗಲೇ ಅವರು ಏಳು ಮಂದಿಯನ್ನು ಕೇಳುತ್ತಾರೆ. ಅರಸನು ಒಂದೇ ಮಾತಿನಲ್ಲಿ, ಕೊಡುತ್ತೇನೆ, ಎನ್ನುತ್ತಾನೆ.

ಹಾಗಾದರೆ ಧರ್ಮೋಪದೇಶಕಾಂಡ 24:16ರ ಗತಿಯೇನು? ಮಕ್ಕಳ ಪಾಪಕ್ಕೆ ತಂದೆಯೂ ತಂದೆಯ ಪಾಪಕ್ಕೆ ಮಕ್ಕಳೂ ಮರಣಶಿಕ್ಷೆ ಹೊಂದಬಾರದೆಂಬ ಆ ವಿಧಿ ಸ್ಪಷ್ಟವಾಗಿದೆ, ಮತ್ತು ಯೆಹೂದದ ಅರಸ ಅಮಚ್ಯನು ತನ್ನ ತಂದೆಯ ಕೊಲೆಗಾರರಿಗೆ ಶಿಕ್ಷೆ ಕೊಟ್ಟಾಗ ಅವರ ಮಕ್ಕಳನ್ನು ಬಿಟ್ಟದ್ದು ಈ ವಿಧಿಯ ಪ್ರಕಾರವೇ ಎಂದು 2 ಅರಸುಗಳು 14:6 ಹೇಳುತ್ತದೆ. ವಿದ್ವಾಂಸರಲ್ಲಿ ಹೆಚ್ಚಿನವರು ಧರ್ಮೋಪದೇಶಕಾಂಡದ ಮುಖ್ಯಭಾಗವನ್ನು ಕ್ರಿಸ್ತಪೂರ್ವ 7ನೆಯ ಶತಮಾನಕ್ಕೆ ಸೇರಿಸುತ್ತಾರೆ. ದಾವೀದನ ಕಾಲ ಅದಕ್ಕೆ ಸುಮಾರು ಮೂರು ಶತಮಾನ ಹಿಂದಿನದು. ಆದ್ದರಿಂದ ಕಾನೂನು ಆಗಿನ್ನೂ ಬರೆಯಲ್ಪಟ್ಟಿರಲಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ನನಗೆ ಆ ಉತ್ತರ ಅರ್ಧಕ್ಕೆ ನಿಲ್ಲುತ್ತದೆ. ಈ ಎರಡು ಪಠ್ಯಗಳನ್ನೂ ಒಂದೇ ಸಂಪುಟದಲ್ಲಿ ಇಟ್ಟುಕೊಂಡು ಓದಿದವರು, ಕಾಪಾಡಿದವರು ಇವುಗಳ ನಡುವಿನ ವಿರೋಧವನ್ನು ಕಾಣದವರಲ್ಲ.

ಇಲ್ಲಿ ಕೆಲಸ ಮಾಡುತ್ತಿರುವುದು ನ್ಯಾಯಸ್ಥಾನದ ತರ್ಕವಲ್ಲ, ಮೈಲಿಗೆಯ ತರ್ಕ. ಸುರಿದ ರಕ್ತ ನೆಲವನ್ನು ಕೆಡಿಸುತ್ತದೆ, ಕೆಟ್ಟ ನೆಲ ಬೆಳೆ ಕೊಡುವುದಿಲ್ಲ ಎಂಬ ನಂಬಿಕೆ ಪ್ರಾಚೀನ ಪಶ್ಚಿಮ ಏಷ್ಯಾದಲ್ಲಿ ವ್ಯಾಪಕವಾಗಿತ್ತು. ಇದಕ್ಕೆ ಅತಿ ಹತ್ತಿರದ ಸಾದೃಶ್ಯ ಇಂದಿನ ಟರ್ಕಿಯಲ್ಲಿದ್ದ ಹಿತ್ತೀಯ ಸಾಮ್ರಾಜ್ಯದಿಂದ ದೊರೆಯುತ್ತದೆ. ಕ್ರಿಸ್ತಪೂರ್ವ 14ನೆಯ ಶತಮಾನದ ಕೊನೆಯ ಭಾಗದಲ್ಲಿ ಎರಡನೆಯ ಮುರ್ಸಿಲಿ ಎಂಬ ಅರಸನು ದೇಶವನ್ನು ಸುಮಾರು 20 ವರ್ಷ ಕಾಡಿದ ಸಾಂಕ್ರಾಮಿಕ ಪಿಡುಗಿನ ಬಗ್ಗೆ ದೇವತೆಗಳಿಗೆ ಬರೆಸಿದ ಪ್ರಾರ್ಥನೆಗಳು ಮಣ್ಣಿನ ಹಲಗೆಗಳಲ್ಲಿ ಉಳಿದಿವೆ. ಅವನು ಶಕುನ ಕೇಳಿಸಿ, ಹಳೆಯ ಹಲಗೆಗಳನ್ನು ಹುಡುಕಿಸಿ, ಈಜಿಪ್ಟಿನೊಡನೆ ಆಣೆಯಿಟ್ಟು ಮಾಡಿಕೊಂಡಿದ್ದ ಒಪ್ಪಂದವನ್ನು ತನ್ನ ತಂದೆ ಸುಪ್ಪಿಲುಲಿಯುಮನು ಮುರಿದದ್ದೇ ಒಂದು ಕಾರಣವೆಂದು ಕಂಡುಕೊಳ್ಳುತ್ತಾನೆ. ತಂದೆಯ ಪಾಪ ಮಗನ ಮೇಲೆ ಬರುವುದುಂಟು ಎಂದು ಒಪ್ಪಿಕೊಳ್ಳುತ್ತಾನೆ. ದಾವೀದನ ಕಥೆಯ ಚೌಕಟ್ಟು ಹೆಚ್ಚುಕಡಿಮೆ ಇದೇ: ಮುರಿದ ಆಣೆ, ಮಡಿದ ಹಿಂದಿನ ಅರಸ, ನಂತರದ ಅರಸನ ಕಾಲದಲ್ಲಿ ದೇಶಕ್ಕೆ ಬಂದ ಕೇಡು, ದೈವವಿಚಾರಣೆ. ಒಂದು ಭೇದ ಮಾತ್ರ ದೊಡ್ಡದು. ಆ ಪ್ರಾರ್ಥನೆಗಳಲ್ಲಿ ಮುರ್ಸಿಲಿ ತಪ್ಪೊಪ್ಪಿಗೆ, ಕಾಣಿಕೆ, ಅರ್ಪಣೆಗಳ ಮೂಲಕ ಪರಿಹಾರ ಹುಡುಕುತ್ತಾನೆ, ಯಾರ ಮಕ್ಕಳನ್ನೂ ಒಪ್ಪಿಸುವುದಿಲ್ಲ. ಆ ಕಾಲದ ನಂಬಿಕೆಯೇ ಹಾಗಿತ್ತು, ದಾವೀದನಿಗೆ ಬೇರೆ ದಾರಿಯೇ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ಈ ಹಲಗೆಗಳನ್ನು ತೋರಿಸಬಹುದು.

ಇಸ್ರಾಯೇಲಿನ ಸ್ವಂತ ಕಟ್ಟಳೆಯೊಳಗೂ ಈ ಏಳು ವಧೆಗಳು ಸರಿಯಾಗಿ ಕೂರುವುದಿಲ್ಲ. ರಕ್ತ ಸುರಿಸಿದವನ ರಕ್ತದಿಂದಲ್ಲದೆ ದೇಶಕ್ಕೆ ಪರಿಹಾರವಿಲ್ಲ ಎಂದು ಅರಣ್ಯಕಾಂಡ 35:33 ಹೇಳುತ್ತದೆ. ಸುರಿಸಿದವನು ಸೌಲ. ಅವನು ಗಿಲ್ಬೋವ ಬೆಟ್ಟದಲ್ಲಿ ಎಂದೋ ಸತ್ತಿದ್ದಾನೆ. ರಕ್ತಾಪರಾಧವಿರುವ ಮನೆತನ ಎಂಬ ದೈವೋಕ್ತಿಯನ್ನು ಹಿಡಿದು ಮಕ್ಕಳೂ ಹತ್ಯೆಯಲ್ಲಿ ಭಾಗಿಗಳಾಗಿದ್ದರೆಂದು ವಾದಿಸಿದ ವ್ಯಾಖ್ಯಾನಕಾರರುಂಟು. ಅದಕ್ಕೆ ಪಠ್ಯದಲ್ಲಿ ಆಧಾರವಿಲ್ಲ, ನಮ್ಮ ಇರುಸುಮುರುಸನ್ನು ಕಡಿಮೆ ಮಾಡಲು ಹೆಣೆದ ವಾದ ಅದು ಎಂದೇ ನನ್ನ ಅಭಿಪ್ರಾಯ. ಈ ಹದಿನಾಲ್ಕು ವಚನಗಳಲ್ಲಿ ನ್ಯಾಯ, ನೀತಿ ಎಂಬ ಅರ್ಥದ ಹೀಬ್ರೂ ಪದಗಳು ಒಮ್ಮೆಯೂ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ದಾವೀದನು ಪ್ರಜೆಗಳಿಗೆಲ್ಲ ನ್ಯಾಯನೀತಿಗಳನ್ನು ನಡೆಸಿದನೆಂದು 8:15ರಲ್ಲಿ ಹೊಗಳಿದ ಗ್ರಂಥವೇ ಇಲ್ಲಿ ಆ ಪದಗಳನ್ನು ಬಳಸಿಲ್ಲ.

ಏಳು ಮಂದಿಯನ್ನು ಆರಿಸಿದ ರೀತಿಯಲ್ಲಿ ರಾಜಕಾರಣದ ವಾಸನೆಯೂ ಇದೆ. ಸೌಲನ ಮಗನೂ ದಾವೀದನ ಗೆಳೆಯನೂ ಆಗಿದ್ದ ಯೋನಾತಾನನ ಮಗ ಮೆಫೀಬೋಶೆತನನ್ನು ಅರಸನು ಉಳಿಸುತ್ತಾನೆ, ಏಕೆಂದರೆ ದಾವೀದನಿಗೂ ಯೋನಾತಾನನಿಗೂ ನಡುವೆ ಯೆಹೋವನ ಹೆಸರಿನಲ್ಲಿ ಆಣೆ ಇತ್ತು. ಸರಿ. ಆದರೆ ದಾವೀದನು ಸೌಲನಿಗೂ ಒಂದು ಆಣೆ ಇಟ್ಟಿದ್ದನು. ಏಂಗೆದಿಯ ಗುಹೆಯಲ್ಲಿ ಸೌಲನ ಮೇಲಂಗಿಯ ಅಂಚನ್ನು ಕತ್ತರಿಸಿ ಪ್ರಾಣ ಉಳಿಸಿದ ದಿನ, ನನ್ನ ಸಂತಾನವನ್ನು ಕಡಿದುಹಾಕುವುದಿಲ್ಲವೆಂದು ಪ್ರಮಾಣ ಮಾಡು ಎಂದು ಸೌಲನು ಬೇಡಿಕೊಂಡನು, ದಾವೀದನು ಪ್ರಮಾಣ ಮಾಡಿದನು (1 ಸಮುವೇಲ 24:21-22). ಮುರಿದ ಆಣೆಯೊಂದಕ್ಕೆ ಪರಿಹಾರ ಹುಡುಕುವ ಈ ಕಥೆಯಲ್ಲಿ ಯೋನಾತಾನನಿಗಿಟ್ಟ ಆಣೆಯ ಪ್ರಸ್ತಾಪ ಬರುತ್ತದೆ, ಸೌಲನಿಗಿಟ್ಟ ಆಣೆಯ ಪ್ರಸ್ತಾಪ ಬರುವುದಿಲ್ಲ. ಸಿಂಹಾಸನಕ್ಕೆ ಹಕ್ಕು ಸಾಧಿಸಬಹುದಾದ ಹಿಂದಿನ ರಾಜವಂಶದ ಏಳು ಗಂಡಸರು ಒಂದೇ ದಿನ ಇಲ್ಲವಾದದ್ದರಿಂದ ಯಾರಿಗೆ ಲಾಭವಾಯಿತೆಂದು ಹೇಳಬೇಕಾಗಿಲ್ಲ. ಮುಂದೊಂದು ದಿನ ಸೌಲನ ಕುಲದ ಶಿಮ್ಮೀ ಎಂಬವನು ದಾವೀದನ ಮೇಲೆ ಕಲ್ಲು ತೂರುತ್ತ, ಕೊಲೆಗಾರನೇ, ಸೌಲನ ಮನೆಯವರ ರಕ್ತವೆಲ್ಲ ನಿನ್ನ ಮೇಲಿದೆ ಎಂದು ಶಪಿಸುವ ದೃಶ್ಯ 16ನೆಯ ಅಧ್ಯಾಯದಲ್ಲಿದೆ. ಗ್ರಂಥದಲ್ಲಿ ಅದು ಮೊದಲು ಬಂದರೂ, 21ನೆಯ ಅಧ್ಯಾಯದ ಘಟನೆ ಕಾಲಕ್ರಮದಲ್ಲಿ ಅದಕ್ಕಿಂತ ಹಿಂದಿನದೆಂದು, 9ನೆಯ ಅಧ್ಯಾಯದಲ್ಲಿ ಸೌಲನ ಮನೆಯವರು ಇನ್ನೂ ಯಾರಾದರೂ ಉಳಿದಿದ್ದಾರೆಯೇ ಎಂದು ದಾವೀದನು ಕೇಳುವುದು ಈ ವಧೆಯ ನಂತರವೇ ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಸಮುವೇಲನ ಗ್ರಂಥದ ಕೊನೆಯ ನಾಲ್ಕು ಅಧ್ಯಾಯಗಳು ಕಾಲಕ್ರಮ ಬಿಟ್ಟು ಸೇರಿಸಿದ ಅನುಬಂಧವಾದ್ದರಿಂದ ಇದು ಅಸಂಭವವಲ್ಲ. ದಾವೀದನನ್ನು ಹೊಗಳಲೆಂದೇ ಬರೆದ ಪೂರ್ವಕಾಲವೃತ್ತಾಂತ ಎಂಬ ಬೈಬಲಿನ ಇನ್ನೊಂದು ಗ್ರಂಥವು ಈ ಪ್ರಸಂಗವನ್ನು ಪೂರ್ತಿಯಾಗಿ ಬಿಟ್ಟುಬಿಟ್ಟಿದೆ.

ಮೀಕಲಳ ಐದು ಮಕ್ಕಳ ಸಂದೇಹಕ್ಕೆ ಉತ್ತರ ಸುಲಭ. ಆ ಐವರ ತಂದೆಯೆಂದು 21:8 ಹೇಳುವ ಮೆಹೋಲದ ಅದ್ರಿಯೇಲನನ್ನು ಮದುವೆಯಾದವಳು ಅವಳ ಅಕ್ಕ ಮೇರಬಳೆಂದು 1 ಸಮುವೇಲ 18:19ರಲ್ಲಿಯೇ ಇದೆ. ಕೆಲವು ಹೀಬ್ರೂ ಹಸ್ತಪ್ರತಿಗಳಲ್ಲಿಯೂ ಸಿರಿಯಾಕ್ ಅನುವಾದದಲ್ಲಿಯೂ 21:8ರಲ್ಲಿ ಮೇರಬ್ ಎಂದೇ ಇದೆ. ಮೀಕಲ್ ಎಂಬುದು ಪ್ರತಿಕಾರರ ಕೈತಪ್ಪಾಗಿರಬೇಕು. ಪಠ್ಯವನ್ನು ಮುಟ್ಟಲೊಲ್ಲದ ತಾಲ್ಮುದ್, ಮೇರಬಳು ಹೆತ್ತಳು, ಮೀಕಲಳು ಸಾಕಿದಳು ಎಂದು ಹೊಂದಿಸುತ್ತದೆ.

ಉಳಿದ ಇಬ್ಬರು, ಅರ್ಮೋನಿ ಮತ್ತು ಇನ್ನೊಬ್ಬ ಮೆಫೀಬೋಶೆತ, ರಿಚ್ಪಳ ಮಕ್ಕಳು. ಅಯ್ಯಾಹನ ಮಗಳಾದ ಈ ರಿಚ್ಪ ಸೌಲನ ಉಪಪತ್ನಿ. ಗ್ರಂಥದಲ್ಲಿ ಅವಳು ಮೊದಲು ಕಾಣಿಸಿಕೊಳ್ಳುವುದು 3ನೆಯ ಅಧ್ಯಾಯದಲ್ಲಿ, ಸೇನಾಪತಿ ಅಬ್ನೇರನು ಅವಳನ್ನು ಕೂಡಿದನೆಂದು ಸೌಲನ ಮಗ ಈಷ್ಬೋಶೆತನು ಆರೋಪಿಸುವಾಗ. ಇಬ್ಬರು ಗಂಡಸರ ಅಧಿಕಾರದ ಜಗಳದಲ್ಲಿ ಬಂದುಹೋಗುವ ಹೆಸರು ಅದು, ಅಷ್ಟೇ. ಅಲ್ಲಿಯೂ ಇಲ್ಲಿಯೂ ಅವಳು ಒಂದು ಮಾತೂ ಆಡುವುದಿಲ್ಲ.

ವಧೆ ನಡೆದದ್ದು ಜವೆಗೋಧಿಯ ಕೊಯ್ಲಿನ ಆರಂಭದಲ್ಲಿ, ಅಂದರೆ ಏಪ್ರಿಲ್ ಸುಮಾರಿಗೆ. ಬಳಸಿದ ಕ್ರಿಯಾಪದ 'ಹೋಕೀಯ' ಎಂಬುದು. ಇದನ್ನು ಕನ್ನಡದಲ್ಲಿ ಗಲ್ಲಿಗೆ ಹಾಕುವುದು ಎಂದರೆ ಕೋರ್ಟಿನ ತೀರ್ಪಿನ ಭಾವನೆ ಬಂದುಬಿಡುತ್ತದೆ. ಮೂಲದ ಅರ್ಥ ಅಷ್ಟು ಖಚಿತವಲ್ಲ. ಶೂಲಕ್ಕೇರಿಸುವುದು, ಕೈಕಾಲು ಮುರಿದು ಬಿಡುವುದು, ಬಯಲಿನಲ್ಲಿ ಹೆಣವನ್ನು ಪ್ರದರ್ಶಿಸುವುದು ಎಂದು ಹಲವು ಊಹೆಗಳಿವೆ. ಪ್ರಾಚೀನ ಗ್ರೀಕ್ ಅನುವಾದಕರು ಬಿಸಿಲಿಗೆ ಒಡ್ಡುವುದು ಎಂಬ ಅರ್ಥದ ಪದವನ್ನು ಬಳಸಿದರು. ಯಾವ ರೀತಿಯಾದರೂ ಹೆಣಗಳನ್ನು ಇಳಿಸಲಿಲ್ಲ ಎಂಬುದು ನಿಶ್ಚಯ. ಮರಕ್ಕೆ ತೂಗಹಾಕಿದ ಅಪರಾಧಿಯ ಹೆಣ ಕೂಡ ರಾತ್ರಿಯವರೆಗೆ ಅಲ್ಲಿರಬಾರದು, ಅದೇ ದಿನ ಹೂಳಬೇಕು, ಇಲ್ಲವಾದರೆ ದೇಶ ಅಪವಿತ್ರವಾಗುತ್ತದೆ ಎಂದು ಧರ್ಮೋಪದೇಶಕಾಂಡ 21:23 ವಿಧಿಸುತ್ತದೆ. ಆ ವಿಧಿಯ ಕಣ್ಣಿನಿಂದ ನೋಡಿದರೆ, ದೇಶದ ಮೈಲಿಗೆ ಕಳೆಯಲು ಮಾಡಿದ ಕಾರ್ಯವೇ ದೇಶಕ್ಕೆ ಇನ್ನೊಂದು ಮೈಲಿಗೆ ತಂದಿತು. ಆಗ ರಿಚ್ಪಳು ಗೋಣಿತಟ್ಟನ್ನು ತಂದು ಬಂಡೆಯ ಮೇಲೆ ಹಾಸಿ, ಕೊಯ್ಲಿನ ಆರಂಭದಿಂದ ಆಕಾಶದ ನೀರು ಅವರ ಮೇಲೆ ಸುರಿಯುವವರೆಗೂ, ಹಗಲಲ್ಲಿ ಹಕ್ಕಿಗಳನ್ನೂ ಇರುಳಲ್ಲಿ ಕಾಡುಮೃಗಗಳನ್ನೂ ಹತ್ತಿರ ಬರಗೊಡದೆ ಕಾಯುತ್ತಾಳೆ. ಆ ಪ್ರದೇಶದಲ್ಲಿ ಬೇಸಿಗೆಯೆಂದರೆ ಒಂದು ಹನಿಯೂ ಬೀಳದ ಕಾಲ, ಮುಂಗಾರು ಎನ್ನಬಹುದಾದ ಮೊದಲ ಮಳೆ ಅಕ್ಟೋಬರ್ ಅಥವಾ ನವೆಂಬರಿನಲ್ಲಿ ಬರುತ್ತದೆ. ಯಹೂದಿ ಪರಂಪರೆ ಅವಳ ಕಾವಲನ್ನು ಏಳು ತಿಂಗಳೆಂದು ಲೆಕ್ಕ ಹಾಕಿದೆ. ಅಕಾಲದಲ್ಲಿ ಬೇಗನೆ ಮಳೆ ಬಂದಿರಬಹುದೆಂದು ಹೇಳುವವರೂ ಇದ್ದಾರೆ. ಕೆಲವು ವಾರವೋ ಏಳು ತಿಂಗಳೋ, ಕೊಳೆಯುತ್ತಿರುವ ಏಳು ಹೆಣಗಳ ಜೊತೆ, ಅವುಗಳಲ್ಲಿ ಐದು ಅವಳ ಮಕ್ಕಳದ್ದೂ ಅಲ್ಲ.

ದೇವರೊಡನೆ ಮಾಡಿಕೊಂಡ ಒಡಂಬಡಿಕೆಯನ್ನು ಮುರಿದವರಿಗೆ ಬರುವ ಶಾಪಗಳ ಪಟ್ಟಿಯಲ್ಲಿ ಒಂದು ಸಾಲಿದೆ: ನಿಮ್ಮ ಹೆಣಗಳು ಆಕಾಶದ ಹಕ್ಕಿಗಳಿಗೂ ಭೂಮಿಯ ಮೃಗಗಳಿಗೂ ಆಹಾರವಾಗುವವು, ಅವುಗಳನ್ನು ಬೆದರಿಸಿ ಓಡಿಸುವವರು ಯಾರೂ ಇರುವುದಿಲ್ಲ (ಧರ್ಮೋಪದೇಶಕಾಂಡ 28:26). ಫಿಲಿಷ್ಟಿಯರ ಯೋಧ ಗೊಲ್ಯಾತನೂ ದಾವೀದನೂ ಯುದ್ಧಕ್ಕೆ ಮುಂಚೆ ಪರಸ್ಪರ ಹಾಕಿಕೊಂಡ ಬೆದರಿಕೆಯೂ ಹಕ್ಕಿ ಮತ್ತು ಮೃಗಗಳದ್ದೇ. ರಿಚ್ಪಳು ಮಾಡುವ ಕೆಲಸವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಓಡಿಸುವವರು ಯಾರೂ ಇಲ್ಲ ಎಂದು ಶಾಪ ಹೇಳುವ ಜಾಗದಲ್ಲಿ ಅವಳು ಕುಳಿತಿದ್ದಾಳೆ. ಶಾಪವನ್ನು ಬಾಯಿಂದ ಪ್ರಶ್ನಿಸದೆ, ಒಂದೊಂದು ಹದ್ದನ್ನು ಒಂದೊಂದು ನರಿಯನ್ನು ಓಡಿಸುತ್ತ ಅದನ್ನು ನಡೆಯಗೊಡುವುದಿಲ್ಲ.

ಈ ಸುದ್ದಿ ದಾವೀದನಿಗೆ ಮುಟ್ಟುತ್ತದೆ. ಅವನು ಕೂಡಲೇ ಮಾಡುವ ಕೆಲಸ ಏನೆಂದು ನೋಡಿ: ಸೌಲ ಮತ್ತು ಯೋನಾತಾನರ ಎಲುಬುಗಳನ್ನು ತರಲು ಹೋಗುತ್ತಾನೆ. ಗಿಲ್ಬೋವದ ಯುದ್ಧದ ನಂತರ ಫಿಲಿಷ್ಟಿಯರು ಆ ಹೆಣಗಳನ್ನು ಬೇತ್ಷೆಯಾನಿನಲ್ಲಿ ತೂಗಹಾಕಿದ್ದರು. ಹಿಂದೊಮ್ಮೆ ಸೌಲನಿಂದ ರಕ್ಷಣೆ ಪಡೆದಿದ್ದ ಯಾಬೇಷ್ ಗಿಲ್ಯಾದಿನವರು ರಾತ್ರೋರಾತ್ರಿ ಹೋಗಿ ಕದ್ದು ತಂದು ತಮ್ಮಲ್ಲಿ ಹೂಳಿದ್ದರು. ವರ್ಷಗಟ್ಟಲೆ ದಾವೀದನಿಗೆ ಅವು ನೆನಪಾಗಿರಲಿಲ್ಲ. ಒಬ್ಬ ಉಪಪತ್ನಿ ಬಂಡೆಯ ಮೇಲೆ ಕುಳಿತ ಸುದ್ದಿ ಬಂದ ಮೇಲೆ ನೆನಪಾಯಿತು. ಅವುಗಳನ್ನೂ ವಧೆಯಾದ ಏಳು ಮಂದಿಯ ಎಲುಬುಗಳನ್ನೂ ಕೂಡಿಸಿ, ಬೆನ್ಯಾಮೀನ್ಯರ ಸೀಮೆಯ ಚೇಲದಲ್ಲಿ ಸೌಲನ ತಂದೆ ಕೀಷನ ಸಮಾಧಿಯಲ್ಲಿ ಅಂತ್ಯಕ್ರಿಯೆ ನಡೆಸಲಾಯಿತು. ತರುವಾಯ, ಅದಾದ ಮೇಲೆ, ದೇಶಕ್ಕಾಗಿ ಮಾಡಿದ ಪ್ರಾರ್ಥನೆಯನ್ನು ದೇವರು ಆಲಿಸಿದನು ಎಂದು ವಾಕ್ಯ ಬರುತ್ತದೆ.

'ಅದಾದ ಮೇಲೆ' ಎಂಬುದಕ್ಕೆ ನಾನು ಬೇಕಿಲ್ಲದ ಒತ್ತು ಕೊಡುತ್ತಿದ್ದೇನೆಂದು ನಿಮಗೆ ಅನ್ನಿಸಬಹುದು. ಹಾಗಿದ್ದರೆ ಕ್ರಿಸ್ತಶಕ 1ನೆಯ ಶತಮಾನದ ಯಹೂದಿ ಇತಿಹಾಸಕಾರ ಜೋಸೀಫಸನು ಈ ಕಥೆಯನ್ನು ಮತ್ತೆ ಹೇಳಿದ ರೀತಿಯನ್ನು ನೋಡಬೇಕು. ಅವನ ನಿರೂಪಣೆಯಲ್ಲಿ ಗಿಬ್ಯೋನ್ಯರು ಕೇಳಿದ ಪ್ರತೀಕಾರವನ್ನು ಕೊಟ್ಟರೆ ತಾನು ಒಲಿಯುವೆನೆಂದು ದೇವರೇ ತಿಳಿಸುತ್ತಾನೆ. ಏಳು ಮಂದಿಗೆ ಶಿಕ್ಷೆಯಾದ ಕೂಡಲೇ ಮಳೆ ಬರುತ್ತದೆ. ರಿಚ್ಪಳೂ ಇಲ್ಲ, ಎಲುಬುಗಳೂ ಇಲ್ಲ. ನೀವು ನೆನಪಿಟ್ಟುಕೊಂಡ ಕಥೆ ಸಮುವೇಲನದ್ದಲ್ಲ, ಹೆಚ್ಚುಕಡಿಮೆ ಜೋಸೀಫಸನದ್ದು. ಅವನು ಮೂಲವನ್ನು ಎಲ್ಲಿ ಬದಲಿಸಬೇಕಾಯಿತೋ ಅಲ್ಲಿಯೇ ಮೂಲದ ಮಾತು ಇದೆ.

ತಾಲ್ಮುದಿನ ಚರ್ಚೆ ಇದಕ್ಕಿಂತ ಸೂಕ್ಷ್ಮವಾದದ್ದು. ಬರಕ್ಕೆ ಸೌಲನು ಕಾರಣ, ಅವನ ಮನೆತನ ಕಾರಣ ಎಂಬ ಎರಡು ಮಾತುಗಳನ್ನು ಬಿಡಿಸಿ, ಸೌಲನಿಗೆ ತಕ್ಕ ಶೋಕಾಚರಣೆ ನಡೆಯದಿದ್ದದ್ದು ಒಂದು ತಪ್ಪು, ಅವನು ಗಿಬ್ಯೋನ್ಯರನ್ನು ಕೊಂದದ್ದು ಇನ್ನೊಂದು ತಪ್ಪು ಎಂದು ರಬ್ಬಿಗಳು ಓದುತ್ತಾರೆ. ಒಬ್ಬನೇ ವ್ಯಕ್ತಿಯ ಅಪರಾಧಕ್ಕೆ ಲೆಕ್ಕ ಕೇಳುತ್ತಿರುವಾಗಲೇ ಅವನಿಗೆ ಸಲ್ಲಬೇಕಾದ ಗೌರವಕ್ಕೂ ಲೆಕ್ಕ ಕೇಳಲಾಗುತ್ತದೆ. ಹೆಣಗಳನ್ನು ಇಳಿಸದೆ ಬಿಟ್ಟು ಧರ್ಮಶಾಸ್ತ್ರವನ್ನು ಮೀರಿದ್ದರ ಬಗ್ಗೆಯೂ ಅವರು ಕೇಳುತ್ತಾರೆ. ದಾರಿಹೋಕರು ಇವರು ಯಾರು ಎಂದು ಕೇಳಿದಾಗ, ರಾಜಕುಮಾರರು, ಆಶ್ರಿತರಾಗಿ ಬಂದ ಪರಕೀಯರ ಮೇಲೆ ಕೈಮಾಡಿದ್ದಕ್ಕೆ ಹೀಗಾಯಿತು ಎಂಬ ಉತ್ತರ ಸಿಗಲಿ, ಆಶ್ರಿತರಿಗೂ ಇಲ್ಲಿ ನ್ಯಾಯವಿದೆ ಎಂದು ಲೋಕ ತಿಳಿಯಲಿ ಎಂಬುದು ಅವರ ಉತ್ತರ. ನನಗೆ ಇದು ಪೂರ್ತಿ ಒಪ್ಪಿಗೆಯಾಗದು, ಏಕೆಂದರೆ ಕೈಮಾಡಿದವರು ಆ ಏಳು ಮಂದಿ ಎಂದು ಮೂಲ ಹೇಳುವುದಿಲ್ಲ. ಆದರೂ ಪರಕೀಯರ ರಕ್ತಕ್ಕೆ ಬೆಲೆಯಿದೆ ಎಂಬ ಎಳೆಯನ್ನು ಅವರು ಸರಿಯಾಗಿ ಹಿಡಿದಿದ್ದಾರೆ. ಸ್ವಜನಾಭಿಮಾನದ ಹೆಸರಿನಲ್ಲಿ ಅರಸನು ಅಲ್ಪಸಂಖ್ಯಾತರನ್ನು ಕೊಂದದ್ದು ಅವನ ಸಾವಿನೊಂದಿಗೆ ಮರೆತುಹೋಗುವ ವಿಷಯವಲ್ಲ ಎಂಬ ಮಾತಂತೂ ಈ ಕಥೆಯಲ್ಲಿ ದೇವರದ್ದೇ.

ನನ್ನ ಓದಿಗೆ ಎದುರು ನಿಲ್ಲುವ ಅಂಶಗಳನ್ನೂ ನಿಮಗೆ ಮರೆಮಾಚಬಾರದು. ವಧೆಯು ಯೆಹೋವನ ಸನ್ನಿಧಿಯಲ್ಲಿ ನಡೆಯಿತೆಂದು 21:9 ಹೇಳುತ್ತದೆ. ಅದನ್ನು ಖಂಡಿಸಲು ಒಬ್ಬ ಪ್ರವಾದಿಯೂ ಬರುವುದಿಲ್ಲ, ದಾವೀದನು ಪರಪತ್ನಿ ಬತ್ಷೆಬೆಯನ್ನು ಕೂಡಿದ ಪ್ರಸಂಗದಲ್ಲಿ ಪ್ರವಾದಿ ನಾತಾನನು ಬಂದಂತೆ. ಆಕಾಶದ ನೀರು ಸುರಿದದ್ದು ಹತ್ತನೆಯ ವಚನದಲ್ಲಿ, ಸಮಾಧಿಗಿಂತ ಮೊದಲೇ ಪ್ರಸ್ತಾಪವಾಗುತ್ತದೆ. ಆದ್ದರಿಂದ ಇದು ವಧೆಯನ್ನು ನೇರವಾಗಿ ಖಂಡಿಸುವ ಕಥೆಯೆಂದು ನಾನು ವಾದಿಸಲಾರೆ. ಅನುಬಂಧದ ಇನ್ನೊಂದು ತುದಿಯಲ್ಲಿ, 24ನೆಯ ಅಧ್ಯಾಯದಲ್ಲಿ, ದಾವೀದನು ಮಾಡಿಸಿದ ಜನಗಣತಿಯ ತಪ್ಪಿಗೆ ಪಿಡುಗಿನಲ್ಲಿ 70,000 ಜನ ಸಾಯುತ್ತಾರೆ. ಆಗ ಅವನೇ, ಪಾಪ ಮಾಡಿದವನು ನಾನು, ಈ ಕುರಿಗಳು ಏನು ಮಾಡಿವೆ, ನಿನ್ನ ಕೈ ನನ್ನ ಮೇಲೂ ನನ್ನ ತಂದೆಯ ಮನೆಯ ಮೇಲೂ ಬರಲಿ ಎಂದು ಮೊರೆಯಿಡುತ್ತಾನೆ. ಆ ಅಧ್ಯಾಯ ಮುಗಿಯುವುದು 21:14ರ ಅದೇ ಕ್ರಿಯಾಪದದಿಂದ, ದೇಶಕ್ಕಾಗಿ ಮಾಡಿದ ಪ್ರಾರ್ಥನೆಯನ್ನು ಆಲಿಸಿದನು ಎಂದು. ಅಲ್ಲಿ ಯಾರನ್ನೂ ಒಪ್ಪಿಸಿಕೊಡುವುದಿಲ್ಲ. 50 ಶೆಕೆಲ್ ಬೆಳ್ಳಿ ಕೊಟ್ಟು ಒಂದು ಕಣವನ್ನೂ ಎತ್ತುಗಳನ್ನೂ ಕೊಂಡು ಬಲಿಪೀಠ ಕಟ್ಟಲಾಗುತ್ತದೆ. ನಿರಪರಾಧಿಗಳ ಬಗ್ಗೆ ನೀವು ಕೇಳಿದ ಪ್ರಶ್ನೆಯನ್ನು ಮೂರು ಅಧ್ಯಾಯಗಳ ನಂತರ ಸ್ವತಃ ದಾವೀದನು ಕೇಳುತ್ತಾನೆ. ಈ ಎರಡು ಕಥೆಗಳನ್ನು ಎರಡು ತುದಿಗಳಲ್ಲಿ ಇಟ್ಟವನು ಇದನ್ನು ಗಮನಿಸದೆ ಇಟ್ಟನೆಂದು ನಂಬುವುದು ನನಗೆ ಕಷ್ಟ.

ಕೊನೆಯದಾಗಿ ಸಮಾಧಿಯ ಬಗ್ಗೆ ಒಂದು ವಿವರ ಉಳಿದಿದೆ. ಏಳು ಮಂದಿಯ ಎಲುಬುಗಳನ್ನು ಕೂಡಿಸಿದರೆಂದು ಹೀಬ್ರೂ ಪಠ್ಯ ಹೇಳುತ್ತದೆ. ಹೂಳಿದ್ದನ್ನು ಹೇಳುವ ವಾಕ್ಯದಲ್ಲಿ ಮಾತ್ರ ಸೌಲ ಮತ್ತು ಯೋನಾತಾನರ ಹೆಸರುಗಳಷ್ಟೇ ಇವೆ. ಗ್ರೀಕ್ ಅನುವಾದದಲ್ಲಿ ಅದೇ ವಾಕ್ಯಕ್ಕೆ "ಬಿಸಿಲಿಗೆ ಒಡ್ಡಲ್ಪಟ್ಟವರ ಎಲುಬುಗಳನ್ನೂ" ಎಂಬ ಮಾತು ಸೇರಿದೆ. ಅನುವಾದಕರ ಮುಂದಿದ್ದ ಹೀಬ್ರೂ ಪ್ರತಿಯಲ್ಲಿಯೇ ಅದು ಇತ್ತೋ, ಅಥವಾ ರಿಚ್ಪಳ ಮಕ್ಕಳು ಹೊರಗೆ ಉಳಿದುಬಿಟ್ಟಂತೆ ಓದಲಾರದೆ ಅವರೇ ಸೇರಿಸಿದರೋ ಎಂಬುದರಲ್ಲಿ ಪಠ್ಯಪರಿಶೋಧಕರು ಒಂದಾಗಿಲ್ಲ.